ಹಂತಿ ಬಿಡುವ ಪದ

ನಮ್ಮ ಮನೆಯ ಬಾಗಿಲಿಗೆ ಮೊದಲು ಕರೆಂಟಿನ ಗಂಟೆ ಇತ್ತು. ಒತ್ತಿದರೆ ಗುಬ್ಬಿಯ ಹಾಗೆ ಚಿಲಿಪಿಲಿ ಅನ್ನುತ್ತಿತ್ತು. ಒಂದು ಮಳೆಗಾಲದಲ್ಲಿ ಅದರ ಗಂಟಲು ಕಟ್ಟಿತು. ರಿಪೇರಿ ಮಾಡಿಸಲು ಸೋಮಾರಿತನವಾಗಿ, ಮನೆಯಲ್ಲಿ ಬಿದ್ದಿದ್ದ ಎತ್ತಿನ ಕೊರಳಗಂಟೆಯೊಂದನ್ನು ಚೌಕಟ್ಟಿಗೆ ತೂಗುಹಾಕಿ ಅದರ ನಾಲಿಗೆಗೆ ಒಂದು ಹುರಿ ಕಟ್ಟಿಬಿಟ್ಟೆ. ಚಿಕ್ಕೋಡಿಯ ನಮ್ಮ ಓಣಿಯವರಿಗೆಲ್ಲ ಈಗ ಅದು ರೂಢಿಯಾಗಿದೆ. ಹಾಲಿನವನು ಮೆಲ್ಲಗೆ ಎಳೆಯುತ್ತಾನೆ, ಗ್ಯಾಸಿನವನು ಹುರಿ ಹರಿಯುವ ಹಾಗೆ ಎಳೆಯುತ್ತಾನೆ. ಹೊಸಬರು ಮಾತ್ರ ಗೋಡೆಯ ಮೇಲೆ ಗುಂಡಿ ಹುಡುಕುತ್ತ ನಿಂತಿರುತ್ತಾರೆ.

ಹೋದ ಚಳಿಗಾಲದ ಒಂದು ಮಧ್ಯಾಹ್ನ ಊಟ ಮುಗಿಸಿ ಮೊಬೈಲು ಹಿಡಿದು ಅಡ್ಡಾಗಿದ್ದೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಶೀಲಾ ಕೂಗಿದಳು.

"ಯಾರೋ ಬಂದಾರ್ರೀ, ಬಾಗಲಾ ತಗೀರಿ."

"ಯಾರೂ ಬಂದಿಲ್ಲ. ಗಂಟಿ ಮೊಬೈಲನ್ಯಾಗ ಬಾರಸಾಕತ್ತೈತಿ."

ನನ್ನ ಮಾತನ್ನು ನಂಬಿ ಸುಮ್ಮನಾಗುವುದು ಅವಳ ಜಾಯಮಾನವಲ್ಲ. ಸೆರಗಿಗೆ ಕೈ ಒರೆಸುತ್ತ ಬಂದು, ಬಾಗಿಲು ತೆಗೆದು, ಓಣಿಯ ಎರಡೂ ಕಡೆ ನೋಡಿ, ಮತ್ತೆ ಹಾಕಿಕೊಂಡು, "ಮೊಬೈಲನ್ಯಾಗೂ ಎತ್ತ ಹೊಕ್ಕಾವೇನ ಈಗ?" ಅಂದಳು.

ಹೊಕ್ಕದ್ದು ಎತ್ತಲ್ಲ, ಹೇಸರಗತ್ತೆ. ಅದೂ ಅಲ್ಲಿರಲಿಲ್ಲ, ಅದರ ಗಂಟೆ ಮಾತ್ರ ಇತ್ತು. ಸ್ಪೇನ್ ದೇಶದ ಒಬ್ಬ ಮುದುಕ ವೇದಿಕೆಯ ಮೇಲೆ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಹಾಡುತ್ತಿದ್ದ. ಗಿಟಾರಿಲ್ಲ, ಚಪ್ಪಾಳೆಯಿಲ್ಲ. ಪಕ್ಕದಲ್ಲಿ ನಿಂತವನೊಬ್ಬ ಗಂಟೆಗಳ ಪಟ್ಟಿಯನ್ನು ಅಲ್ಲಾಡಿಸುತ್ತಿದ್ದ. ನಡುನಡುವೆ ಮುದುಕ ಹಾಡು ಬಿಟ್ಟು ಯಾರನ್ನೋ ಗದರಿಸುತ್ತಿದ್ದ. ಭಾಷೆ ನನಗೆ ತಿಳಿಯಲಿಲ್ಲ, ಗದರಿಕೆ ತಿಳಿಯಿತು. ಮನುಷ್ಯರನ್ನು ಗದರಿಸುವ ಧ್ವನಿಯೇ ಬೇರೆ, ದನವನ್ನು ಗದರಿಸುವ ಧ್ವನಿಯೇ ಬೇರೆ. ಎರಡನೆಯದರಲ್ಲಿ ಸಿಟ್ಟು ಇರುವುದಿಲ್ಲ.

ಸ್ಪೇನಿನ ಫ್ಲೆಮೆಂಕೊ ಹಾಡು-ಕುಣಿತ ಅಂದರೆ ಕೆಂಪು ಲಂಗ, ಹಿಮ್ಮಡಿಯ ಸದ್ದು, ಗಿಟಾರು ಅನ್ನುವಷ್ಟು ನನಗೆ ಗೊತ್ತಿತ್ತು. ಆದರೆ ಆ ಹಾಡುಗಳ ಮನೆತನದಲ್ಲಿ ಬಡ ದಾಯಾದಿಗಳೂ ಇದ್ದಾರಂತೆ. ಕಮ್ಮಾರರು ಕುಲುಮೆಯಲ್ಲಿ ಹಾಡಿದ್ದು, ತಾಯಂದಿರು ತೊಟ್ಟಿಲ ಹತ್ತಿರ ಹಾಡಿದ್ದು, ಕಣದಲ್ಲಿ ಹೇಸರಗತ್ತೆ ಹೊಡೆಯುತ್ತ ರೈತರು ಹಾಡಿದ್ದು. ಯಂತ್ರ ಬಂತು, ಹೇಸರಗತ್ತೆ ಹೋಯಿತು, ಕಣದ ಹಾಡಿಗೆ ಕೆಲಸವಿಲ್ಲದಂತಾಯಿತು. ಈಗ ಅಲ್ಲೊಬ್ಬ ಇಲ್ಲೊಬ್ಬ ಅದನ್ನು ವೇದಿಕೆಗೆ ತಂದು, ಹೇಸರಗತ್ತೆಯ ಬದಲು ಗಂಟೆ ಅಲ್ಲಾಡಿಸಿ ಹಾಡುತ್ತಾರೆ. ಕೇಳಿದವರು ಚಪ್ಪಾಳೆ ತಟ್ಟಿ, ಗಿಟಾರಿನವನು ಯಾವಾಗ ಬರುತ್ತಾನೆಂದು ಕಾಯುತ್ತಾರೆ.

ಇದನ್ನು ಇಷ್ಟು ಗಂಭೀರವಾಗಿ ಹೇಳಲು ನಾನೇನು ಸಂಗೀತಗಾರನಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಕ್ಯಾಸೆಟ್ ಹೋದ ಮೇಲೆ ಸೀಡಿ, ಸೀಡಿ ಹೋದ ಮೇಲೆ ಮೆಮರಿ ಕಾರ್ಡಿಗೆ ಹಾಡು ತುಂಬುವ ಧಂದೆ, ಅದೂ ಹೋದ ಮೇಲೆ ಮೊಬೈಲಿಗೆ ಗಾಜು ಅಂಟಿಸುವ ಕೆಲಸ. ಹಾಡುಗಳು ಹೇಗೆ ಸಾಯುತ್ತವೆ ಅನ್ನುವುದನ್ನು ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ನೋಡಿದ್ದೇನೆ. ಡೊಳ್ಳಿನ ಪದಕ್ಕೆ ಕ್ಯಾಸೆಟ್ ಬಂತು, ಭಜನೆಗೆ ಬಂತು, ಲಾವಣಿಗೆ ಬಂತು. ಯಾವುದಕ್ಕೆ ಕ್ಯಾಸೆಟ್ ಬರಲಿಲ್ಲವೋ ಅದು ಸತ್ತದ್ದು ಯಾರಿಗೂ ಗೊತ್ತಾಗಲೂ ಇಲ್ಲ.

ಒಮ್ಮೆ ಮಾಲು ತರಲು ನಿಪ್ಪಾಣಿಗೆ ಹೋಗಿದ್ದೆ. ತಂಬಾಕಿನ ಗೋದಾಮುಗಳ ಹಿಂದಿನ ಓಣಿಯಲ್ಲಿ ಹೆಂಗಸರು ಕಟ್ಟೆಯ ಮೇಲೆ ಕೂತು ಬೀಡಿ ಕಟ್ಟುತ್ತ ಹಾಡುತ್ತಿದ್ದರು. ಒಂದು ಸಾಲು ಮರಾಠಿ, ಅದರ ಬೆನ್ನಿಗೆ ಒಂದು ಸಾಲು ಕನ್ನಡ. ಯಾವ ಸಾಲಿಗೆ ಯಾವ ಭಾಷೆ ಅನ್ನುವ ಜಗಳವೇ ಅಲ್ಲಿರಲಿಲ್ಲ. ವ್ಯಾಪಾರದ ಬುದ್ಧಿ ನನ್ನದು. "ಅಕ್ಕಾರ, ಇದರದೊಂದು ಕ್ಯಾಸೆಟ್ ಮಾಡ್ಸೂಣೇನ್ರಿ?" ಅಂತ ಕೇಳಿದೆ. ಹಿರಿಯಳೊಬ್ಬಳು ಕೈ ನಿಲ್ಲಿಸದೆ, "ನಿನ್ನ ಕ್ಯಾಸೆಟ್ ಬೀಡಿ ಕಟ್ಟತೈತೇನೋ ತಮ್ಮಾ?" ಅಂದಳು. ಓಣಿಯೆಲ್ಲ ನಕ್ಕಿತು. ಮೊನ್ನೆ ಆ ಕಡೆ ಹೋದಾಗ ಕೈಗಳು ಅದೇ ವೇಗದಲ್ಲಿ ನಡೆದಿದ್ದವು, ಹಾಡಿನ ಜಾಗದಲ್ಲಿ ಟೀವಿಯ ಅತ್ತೆ ಸೊಸೆಯರು ಜಗಳಾಡುತ್ತಿದ್ದರು.

ಸ್ಪೇನಿನ ಮುದುಕ ನನಗೆ ನೆನಪಿಸಿದ್ದು ಸತ್ತಿಯನ್ನು. ಕೃಷ್ಣೆಯ ದಂಡೆಯ ಆ ಊರು ನನ್ನ ತಾಯಿಯ ತವರು. ಸುಗ್ಗಿಯ ಹೊತ್ತಿಗೆ ಶಾಲೆಗೆ ಚಕ್ಕರ್ ಹೊಡೆದು ಅಲ್ಲಿಗೆ ಓಡುತ್ತಿದ್ದೆ. ಅವ್ವನ ತಮ್ಮ ಸಿದ್ದಪ್ಪ ಮಾಮಾ ಕಣ ಮಾಡುತ್ತಿದ್ದ. ನೆಲ ಬಡಿದು, ಸಗಣಿ ಸಾರಿಸಿ, ನಡುವೆ ಮೇಟಿ ಅನ್ನುವ ಕಂಬ ನೆಟ್ಟು, ಸುತ್ತಲೂ ಜೋಳದ ತೆನೆ ಹರವಿ, ಎತ್ತುಗಳನ್ನು ಒಂದರ ಮಗ್ಗುಲಿಗೆ ಒಂದು ಕಟ್ಟಿ ತುಳಿಸುವುದು. ಆ ಎತ್ತಿನ ಸಾಲಿಗೆ ಹಂತಿ ಅನ್ನುತ್ತಾರೆ. ಜೋಳದ ಸುಂಕು ಕುತ್ತಿಗೆಗೆ ಬಿದ್ದರೆ ಸಂಜೆಯವರೆಗೆ ಕೆರೆದುಕೊಳ್ಳುವುದೇ ಒಂದು ಉದ್ಯೋಗ.

ನನಗೆ ಕೊಟ್ಟಿದ್ದ ಉದ್ಯೋಗ ಬೇರೆ. ಎತ್ತು ಬಾಲ ಎತ್ತಿದ ಕೂಡಲೇ ಬುಟ್ಟಿ ಹಿಡಿದು ಓಡಬೇಕು, ಸಗಣಿ ಕಾಳಿನ ಮೇಲೆ ಬೀಳಬಾರದು. ನಾನು ಯಾವಾಗಲೂ ಒಂದು ಹೆಜ್ಜೆ ತಡ. ಮಾಮಾ ಹಾಡು ನಿಲ್ಲಿಸದೆ, ಹಾಡಿನ ಧಾಟಿಯಲ್ಲೇ ನನ್ನನ್ನು ಬೈಯುತ್ತಿದ್ದ. ಸಂಗೀತದ ಜೊತೆ ನನ್ನ ಮೊದಲ ಸಂಬಂಧ ಹೀಗೆ ಶುರುವಾಯಿತು.

ಹಂತಿಯ ಪದಕ್ಕೆ ಎತ್ತಿನ ಹೆಜ್ಜೆಯೇ ತಾಳ. ಅವು ನಿಧಾನವಾದರೆ ಹಾಡೂ ನಿಧಾನ.

ಸುತ್ತ ಬಾ ನನ್ನೆತ್ತ, ಮೇಟೀಯ ಸುತ್ತ ಬಾ
ಹೊಟ್ಟೆಲ್ಲ ನಿನಗ, ಕಾಳೆಲ್ಲ ನನಗ
ಹಾಡೊಂದು ನಮ್ಮಿಬ್ಬರಿಗೂ

ಹೀಗೆ ಬೆಳೆಯುತ್ತಿತ್ತು. ಮಾಮಾ ಎತ್ತಿಕೊಂಡ ಸಾಲಿನ ಕೊನೆಯನ್ನು ಹಿಂದಿನವನು ಹಿಡಿಯುತ್ತಿದ್ದ. ಇವು ಎಲ್ಲರ ಕಿವಿಗೆ ಬೀಳುವ ಪದಗಳು. ಕಡೆಯದೊಂದು ಪದ ಮಾತ್ರ ಬೇರೆ. ಕಾಳೆಲ್ಲ ಉದುರಿದ ಮೇಲೆ ಹಂತಿ ನಿಲ್ಲಿಸಿ, ಒಂದೊಂದೇ ಎತ್ತಿನ ಕೊರಳ ಮೇಲೆ ಕೈ ಇಟ್ಟು, ಕಿವಿಯ ಹತ್ತಿರ ಮೆಲ್ಲಗೆ ಹೇಳುವ ಪದ. ಅದನ್ನು ಹೇಳಿದ ಮೇಲೆಯೇ ಕಣ್ಣಿ ಬಿಚ್ಚುವುದು. ಕಾಳು ಉಳಿದಿರುವಾಗ ಅದನ್ನು ಬಾಯಿಗೆ ತರಬಾರದು. ಹೇಳದೆ ಎತ್ತು ಬಿಡಬಾರದು. ಮದುವೆಯಲ್ಲಿ, ಹರಟೆಯಲ್ಲಿ, ಕಲಿಸುವುದಕ್ಕಾದರೂ ಸರಿ, ಬೇರೆ ಹೊತ್ತಿನಲ್ಲಿ ಹಾಡುವಂತೆಯೇ ಇಲ್ಲ. ಹತ್ತಿರ ನಿಂತವನಿಗಷ್ಟೇ ಕೇಳಿಸುವ ಅದು ನನಗೆಂದೂ ಕೇಳಿಸಲಿಲ್ಲ. ಏಕೆಂದರೆ ಸರಿಯಾಗಿ ಅದೇ ಹೊತ್ತಿಗೆ ಮಾಮಾ, "ಮಲ್ಲೂ, ಬುಟ್ಟಿ ಖಾಲಿ ಮಾಡ್ಕೊಂಡ ಬಾ" ಅಂತ ನನ್ನನ್ನು ತಿಪ್ಪೆಗೆ ಓಡಿಸುತ್ತಿದ್ದ. ತಿರುಗಿ ಬರುವಷ್ಟರಲ್ಲಿ ಎತ್ತುಗಳು ಬಾನಿಯಲ್ಲಿ ನೀರು ಕುಡಿಯುತ್ತಿದ್ದವು.

ಬಾಗಿಲಿನ ಗಂಟೆ ಮಾಮಾನ ಎತ್ತು ಸರ್ಜಾನದು. ಅದರ ಜೋಡಿಯ ಹೆಸರು ಮಾಣಿಕ. ಮಾಮಾ ಎತ್ತು ಕಟ್ಟಿದ ಕಡೆಯ ವರ್ಷ, ರಾಶಿ ಅರ್ಧವಾದಾಗ ಮೋಡ ಕಟ್ಟಿತು. ಜೋಳ ತೊಯ್ದರೆ ಕಪ್ಪಾಗುತ್ತದೆ. ಅವನ ಹಿರಿಮಗ ಅಪ್ಪಾಸಾಬ ಟ್ರ್ಯಾಕ್ಟರ್ ಬಾಡಿಗೆಗೆ ತಂದು, ತೆನೆಯೆಲ್ಲ ಟ್ರೇಲರಿಗೆ ತುಂಬಿ ಮಶೀನಿಗೆ ಒಯ್ದ. ಆ ಗಡಿಬಿಡಿಯಲ್ಲಿ ಯಾರೋ ಎತ್ತು ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿದರು. ಪದ ಹೇಳುವುದಾಗಲಿಲ್ಲ. ಮುಂದಿನ ಸುಗ್ಗಿಗೆ ಮನೆಗೆ ಸ್ವಂತದ ಟ್ರ್ಯಾಕ್ಟರ್ ಬಂತು, ಎತ್ತು ಸಂತೆಗೆ ಹೋದವು. ಅಪ್ಪಾಸಾಬನದೇನೂ ತಪ್ಪಿಲ್ಲ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಸಂತೆಯ ಮರುದಿನ ಹೋಗಿದ್ದ ನನ್ನ ಕೈಗೆ ಮಾಮಾ ಗಂಟೆ ಕೊಟ್ಟು, "ನಿನ್ನ ಕಡೆ ಇಟ್ಟಿರು, ಮುಂದ ಬೇಕಾಗತೈತಿ" ಅಂದಿದ್ದ. ಯಾತಕ್ಕೆ ಅಂತ ನಾನು ಕೇಳಲಿಲ್ಲ.

ಸ್ಪೇನಿನ ಹಾಡು ಕೇಳಿದ ವಾರದಲ್ಲೇ ಸತ್ತಿಗೆ ಹೋದೆ. ಮಾಮಾನ ಪದಗಳನ್ನೆಲ್ಲ ಮೊಬೈಲಿಗೆ ತುಂಬಿಕೊಳ್ಳಬೇಕು, ಬಿಡುವ ಪದವನ್ನು ಮೊದಲು. ತುಂಬುವುದು ನನ್ನ ಹಳೆಯ ಧಂದೆಯಲ್ಲವೇ. ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೊಬೈಲು ಎದುರಿಗಿಟ್ಟು, "ಹೂಂ, ಹಾಡ ಮಾಮಾ" ಅಂದೆ. ಎರಡು ಸಾಲು ಹಾಡಿ ನಿಂತ. ಮತ್ತೆ ಶುರು ಮಾಡಿದ, ಮತ್ತೆ ಅಲ್ಲೇ ನಿಂತ.

"ಕಾಲ ನಡೀದ ಬಾಯಿ ನಡಿಯಾಕ ಒಲ್ದೋ" ಅಂದ.

"ಹೋಗ್ಲಿ, ಬಿಡೂ ಪದಾನರೆ ಹೇಳು."

"ಹುಚ್ಚಗಿಚ್ಚ ಹಿಡದೈತೇನಲೇ? ಎತ್ತಿಲ್ಲ, ರಾಶಿಲ್ಲ, ಯಾರನ್ನ ಬಿಡ್ಲಿ? ನಿನ್ನ ಬಿಡ್ಲೇನ?"

ಉಪಾಯ ತೋಚದೆ ಸ್ಪೇನಿನ ಮುದುಕನನ್ನು ತೋರಿಸಿದೆ. ಮಾಮಾ ಮೊಬೈಲನ್ನು ಕಿವಿಗೆ ಹಿಡಿದು ಕೇಳಿದ, ಆಮೇಲೆ ಕಣ್ಣಿಗೆ ಹಿಡಿದು ನೋಡಿದ.

"ಇಂವಾ ಎತ್ತ ಮಾರ್ಯಾನ" ಅಂದ ಕೊನೆಗೆ.

"ನಿನಗ್ಹೆಂಗ ಗೊತ್ತಾತು?"

"ಗಂಟಿ ಒಂದ ಕಡೆ ಹೊಂಟೈತಿ, ಹಾಡ ಒಂದ ಕಡೆ ಹೊಂಟೈತಿ. ಪಾಪ, ತಾನೂ ಸುತ್ತಾಕತ್ತಾನ." ಆಮೇಲೆ ದನಿ ಇಳಿಸಿ, "ಮಲ್ಲೂ, ನನ್ನವೂ ಇನ್ನಾ ಸುತ್ತಾಕತ್ತಾವೋ. ಪದಾ ಹೇಳದ ಬಿಟ್ರ ಕಣ್ಣಿಯಷ್ಟ ಬಿಚ್ಚಿದಂಗ, ಎತ್ತ ಬಿಟ್ಟಂಗಲ್ಲ. ಕಣ್ಣ ಮುಚ್ಚಿದ್ರ ಸಾಕು, ಸರ್ಜಾನ ಗಂಟಿ ಕೇಳಸತೈತಿ. ನಾ ಹೋಗೂದರಾಗ ಅವನ್ನ ಬಿಡಬೇಕು. ಒಂದ ಹಂತಿ ಕಟ್ಟಸತಿಯೇನ?" ಅಂದ.

ಕಟ್ಟಿಸುತ್ತೇನೆ ಅಂದುಬಿಟ್ಟೆ. ಆ ಗಂಟೆಯನ್ನು ಎಳೆದು ಗ್ಯಾಸಿನವನು ಸಿಲಿಂಡರ್ ಇಳಿಸುತ್ತಾನೆ ಅಂತ ಹೇಳುವ ಧೈರ್ಯವಂತೂ ಆಗಲೇ ಇಲ್ಲ.

ಅಪ್ಪಾಸಾಬನಿಗೆ ಹೇಳಿದರೆ ಅವನು ತಲೆ ಮೇಲೆ ಕೈ ಹೊತ್ತ. "ದಾದಾ, ಅಂವಗ ಅರವತ್ತರ ಮ್ಯಾಲ ಅರಳು ಮರಳು, ನಿಮಗೇನಾಗೇತಿ? ಈ ಊರಾಗ ಈಗ ಎತ್ತ ಎಲ್ಲಿ ಅದಾವು?"

ಇರಲಿಲ್ಲ ಅಂತಲ್ಲ. ಸುತ್ತೆಲ್ಲ ಕಬ್ಬು, ಕಬ್ಬಿನ ತುಂಬ ಟ್ರ್ಯಾಕ್ಟರು. ಆದರೆ ನೆರೆಮನೆಯ ಬಾಳುವಿನ ಹತ್ತಿರ ಒಂದು ಜೋಡಿ ಎತ್ತಿತ್ತು, ಶರ್ಯತ್ತಿನ ಎತ್ತು. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಹೊಲದ ಎತ್ತು ಹೋದರೂ ಗಾಡಿ ಓಡಿಸುವ ಶರ್ಯತ್ತಿನ ಎತ್ತು ಹೋಗಿಲ್ಲ. ಬಾಳುವಿನ ಎತ್ತುಗಳ ಹೆಸರು ಬುಲೆಟ್ ಮತ್ತು ರಾಕೆಟ್. ಹಾಲು ಕುಡಿಯುತ್ತವೆ, ತತ್ತಿ ತಿನ್ನುತ್ತವೆ, ಬಾಳುವಿನ ಮಕ್ಕಳಿಗಿಂತ ಚೆನ್ನಾಗಿ ಉಂಡಿವೆ. "ಮಾಮಾನ ಸಲವಾಗಿ ಕೊಡ್ತೀನಿ. ಆದ್ರ ಅವಕ್ಕ ತ್ರಾಸ ಆಗಬಾರ್ದ ನೋಡ್ರಿ" ಅಂದ ಬಾಳು. ಎತ್ತು ಅಂದರೆ ಎತ್ತೇ ಅಂದುಕೊಂಡೆವು. ನಾವು ಮಾಡಿದ ತಪ್ಪು ಅದು.

ಮಾಮಾ ರೊಟ್ಟಿಗೆಂದು ಸ್ವಲ್ಪ ಬಿಳಿಜೋಳ ಹಾಕಿದ್ದ. ಅದು ಕೊಯ್ಲಿಗೆ ಬಂದಾಗ ಕಣ ಸಾರಿಸಿ, ಮೇಟಿ ನೆಟ್ಟೆವು. ನಾನು ಬಾಗಿಲಿನ ಗಂಟೆ ಬಿಚ್ಚಿಕೊಂಡು ಹೋಗಿದ್ದೆ. ಬೆಳಗಿನ ಎಳೆಬಿಸಿಲು. ಚಪ್ಪಲಿ ಬಿಟ್ಟು ಎಲ್ಲರೂ ನಿಂತೆವು. ಮೊಬೈಲನ್ನು ಕಣಿಕೆಯ ಬಣವೆಯ ಮೇಲೆ ರೆಕಾರ್ಡಿಗಿಟ್ಟು ನಾನು ಬುಟ್ಟಿ ಹಿಡಿದೆ. ಮಾಮಾ ಬಾರುಕೋಲು ಎತ್ತಿ, "ಹೋ ಹೋ" ಅಂತ ರಾಗ ತೆಗೆದ.

ಶರ್ಯತ್ತಿನ ಎತ್ತಿಗೆ ಯಾರಾದರೂ ಹಿಂದೆ ನಿಂತು ಕೂಗಿದರೆ ಅರ್ಥ ಒಂದೇ. ಬುಲೆಟ್ ರಾಕೆಟ್ ಎರಡೂ ಬಾಲ ಎತ್ತಿಕೊಂಡು, ಮೇಟಿಯನ್ನು ಬುಡಸಮೇತ ಕಿತ್ತುಕೊಂಡು, ನೆಟ್ಟಗೆ ಕಬ್ಬಿನೊಳಗೆ ನುಗ್ಗಿದವು. ಅವು ಬಾಲ ಎತ್ತಿದ್ದು ನೋಡಿ ನಾನು ಹಳೆಯ ರೂಢಿಯಂತೆ ಬುಟ್ಟಿ ಹಿಡಿದು ಅವುಗಳ ಹಿಂದೆ ಓಡಿದೆ. "ದಾದಾ, ಅವು ಹೇಲಾಕ ಹೊಂಟಿಲ್ರೀ!" ಅಂತ ಅಪ್ಪಾಸಾಬ ಕೂಗಿದ್ದು ಕಬ್ಬಿನೊಳಗೆ ಹೊಕ್ಕ ಮೇಲೆ ಕೇಳಿಸಿತು.

ಬಾಳು ಅವುಗಳನ್ನು ಹಿಡಿದು ತಂದ. ಪಾಪ, ಅವುಗಳಿಗೆ ಸುತ್ತುವುದೇ ಗೊತ್ತಿಲ್ಲ. ಹುಟ್ಟಿದಾಗಿನಿಂದ ನೆಟ್ಟಗೆ ಓಡುವುದನ್ನಷ್ಟೇ ಕಲಿಸಿದ್ದಾರೆ. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಮಾಮಾನ ಮುಖ ಸಣ್ಣದಾಗಿತ್ತು. ಕಿತ್ತ ಮೇಟಿಯ ಗುಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದ. ಆಮೇಲೆ ತಟ್ಟನೆ ಎದ್ದು, "ಮೇಟಿ ಮಗ್ಗಲಿನ ದನ ಸಾವಕಾಶದ್ದ ಇರಬೇಕೋ. ಜರ್ಸಿ ಆಕಳಾ ತರ್ರಿ" ಅಂದ.

ಮಾಮಿ ಅಡ್ಡ ಬಂದಳು. "ನನ್ನ ಆಕಳಾ ಕಟ್ಟಬ್ಯಾಡ್ರಿ. ಸಂಜಿಗೆ ಹಾಲ ಕೊಡದಿದ್ರ ಡೇರಿಗೆ ನಿಮ್ಮ ಹಾಡಾ ಹಾಕ್ಲೇನ?"

"ಹಾಕು" ಅಂದ ಮಾಮಾ. ಅವಳು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಹೋಗಿ ತಾನೇ ಆಕಳನ್ನು ಬಿಚ್ಚಿ ತಂದಳು.

ಮತ್ತೆ ನೆಟ್ಟ ಮೇಟಿಯ ಪಕ್ಕಕ್ಕೆ ಜರ್ಸಿ ಆಕಳು, ಅದರ ಮಗ್ಗುಲಿಗೆ ಬುಲೆಟ್, ಹೊರಗೆ ರಾಕೆಟ್. ಸರ್ಜಾನ ಗಂಟೆ ಆಕಳ ಕೊರಳಿಗೆ. ಆಕಳಿಗೆ ಯಾವ ಊರಿಗೂ ಹೋಗುವ ಅವಸರವಿರಲಿಲ್ಲ. ಅದು ಒಂದು ಹೆಜ್ಜೆ ಇಟ್ಟು, ಯೋಚಿಸಿ, ಇನ್ನೊಂದು ಇಡುತ್ತಿತ್ತು. ಬುಲೆಟ್ ಎರಡು ಸಲ ಜಗ್ಗಿ ನೋಡಿ ಬೇಸತ್ತು ಅದರ ಹೆಜ್ಜೆಗೆ ಬಂತು, ರಾಕೆಟ್ ಬುಲೆಟ್‌ನ ಹೆಜ್ಜೆಗೆ ಬಂತು. ಗಂಟೆ ಒಂದೇ ಸಮನೆ ಸದ್ದು ಮಾಡತೊಡಗಿತು. ಮಾಮಾ ಈ ಸಲ ಕೂಗಲಿಲ್ಲ. ಮೆಲ್ಲಗೆ, ಮಾತಾಡಿದ ಹಾಗೆ, "ಸುತ್ತ ಬಾ ನನ್ನೆತ್ತ" ಅಂತ ಎತ್ತಿಕೊಂಡ. ಕುರ್ಚಿಯಲ್ಲಿ ಸಿಗದ ಸಾಲುಗಳು ಒಂದರ ಹಿಂದೆ ಒಂದು ಬಂದವು. ಸಾಲಿನ ಕೊನೆ ಹಿಡಿಯುವವರು ಯಾರೂ ಇರಲಿಲ್ಲ; ಬಾಳುವೂ ಅಪ್ಪಾಸಾಬನೂ ನನ್ನ ಮುಖ ನೋಡಿದರು. ಕೊನೆಗೆ ನಾನೇ ಹಿಡಿದೆ. ನನ್ನ ದನಿ ಎಂಥದು ಅನ್ನುವುದನ್ನು ಸುಶೀಲಾಳನ್ನು ಕೇಳಬೇಕು. ಆಕಳು ಒಮ್ಮೆ ತಿರುಗಿ ನೋಡಿತು, ಆದರೆ ನಡೆಯುವುದನ್ನು ಬಿಡಲಿಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಾಮಾ ಬಾರುಕೋಲು ಊರಿಕೊಂಡು ನಡೆಯುತ್ತಿದ್ದ. ಕೂತುಕೋ ಅಂದರೆ ಕೇಳಲಿಲ್ಲ. ಅಪ್ಪಾಸಾಬ ಬಗ್ಗಿ ತೆನೆ ತಿಕ್ಕಿ ನೋಡಿ, "ಅಪ್ಪಾ, ಕಾಳೆಲ್ಲಾ ಉದುರ್ಯಾವು" ಅಂದ. ಮಾಮಾ ಹಂತಿ ನಿಲ್ಲಿಸಿದ.

ನನ್ನ ಕಾಲು ತಾವಾಗಿಯೇ ತಿಪ್ಪೆಯ ಕಡೆ ತಿರುಗಿದವು. ಆ ಹೊತ್ತಿಗೆ ಬುಟ್ಟಿ ಖಾಲಿ ಮಾಡಲು ಹೋಗುವುದು ನನ್ನ ಮೈಗೆ ಹತ್ತಿದ ರೂಢಿ.

"ಎಲ್ಲಿ ಹೊಂಟಿ?"

"ಬುಟ್ಟಿ..."

"ಇಡು ಅಲ್ಲೇ. ಇಲ್ಲಿ ಬಂದ ನಿಂದ್ರು."

ಬುಟ್ಟಿ ಇಟ್ಟು ಹತ್ತಿರ ಹೋದೆ. ಮಾಮಾ ಆಕಳ ಕೊರಳ ಮೇಲೆ ಕೈ ಇಟ್ಟ, ಗಂಟೆಯನ್ನು ಅಂಗೈಯಲ್ಲಿ ಹಿಡಿದು ಸದ್ದು ನಿಲ್ಲಿಸಿದ. "ಸರ್ಜಾ" ಅಂದ. ಆಮೇಲೆ ಪದ ಹೇಳಿದ. ಬುಲೆಟ್‌ನ ಹತ್ತಿರ ಬಂದು, "ಮಾಣಿಕಾ" ಅಂದು ಮತ್ತೊಮ್ಮೆ ಹೇಳಿದ. ದನಿ ಒಡೆಯಿತು, ಒಡೆದ ದನಿಯಲ್ಲೇ ಮುಗಿಸಿದ. ರಾಕೆಟ್‌ಗೆ ಮಾತ್ರ ಹಳೆಯ ಹೆಸರು ಉಳಿದಿರಲಿಲ್ಲ, ಅದಕ್ಕೆ ಅದರ ಹೆಸರಿನಲ್ಲೇ ಹೇಳಿದ. ಮೂರು ಸಲವೂ ನಾನು ಕೇಳಿದೆ. ಸಣ್ಣ ಪದ ಅದು. ನನಗೆ ಅಳು ಬಂತು, ಅತ್ತೆ. ಕುತ್ತಿಗೆಯ ಮೇಲೆ ಸುಂಕು ಬಿದ್ದಿದ್ದರಿಂದ ಜೊತೆಗೆ ಕೆರೆದೂ ಕೊಂಡೆ.

ಕಣ್ಣಿ ಬಿಚ್ಚಿ ಮಾಮಾ ಗಂಟೆಯನ್ನು ನನ್ನ ಕೈಗಿಟ್ಟ. "ಬಾಯಾಗ ಕುಂತತೇನ?"

"ಕುಂತತು."

"ಹಂಗಾರ ಈಗ ಹೋಗು, ಬುಟ್ಟಿ ಖಾಲಿ ಮಾಡ್ಕೊಂಡ ಬಾ."

ಆಕಳು ಅಂದು ಸಂಜೆ ಹಾಲು ಕೊಟ್ಟಿತು. ಬಣವೆಯ ಮೇಲಿನ ಮೊಬೈಲಿನಲ್ಲಿ ಗಂಟೆಯ ಸದ್ದಿದೆ, ನನ್ನ ಏದುಸಿರಿದೆ, ಮಾಮಿ ಬೈದದ್ದಿದೆ. ಕಡೆಯ ಪದದ ಜಾಗದಲ್ಲಿ ಏನೂ ಇಲ್ಲ. ಗಂಟೆ ಮತ್ತೆ ಬಾಗಿಲಿಗೆ ಬಂದಿದೆ. ಈಗ ಮಾಮಾ ಕಣ್ಣು ಮುಚ್ಚಿದರೆ ಏನೂ ಕೇಳಿಸುವುದಿಲ್ಲವಂತೆ, ಗಡದ್ದಾಗಿ ನಿದ್ದೆ ಹತ್ತುತ್ತದಂತೆ. ಮಾಮಿ ಫೋನು ಮಾಡಿ ದೂರು ಹೇಳುವ ಹಾಗೆ ಹೇಳಿದಳು.

ಆ ಪದವನ್ನು ನಿಮಗೂ ಹೇಳಿಬಿಡಬೇಕು ಅಂತಲೇ ಇದನ್ನು ಬರೆಯಲು ಕೂತದ್ದು. ಆದರೆ ಇಲ್ಲಿ ಕಣವಿಲ್ಲ, ಕಾಳಿಲ್ಲ, ಬಿಡಲು ಎತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಹಂತಿ ಕಟ್ಟಿದರೆ ಒಂದು ಮಾತು ಹೇಳಿ ಕಳಿಸಿರಿ. ಆಕಳಾದರೂ ನಡೆಯುತ್ತದೆ. ಬುಟ್ಟಿ ನಾನೇ ತರುತ್ತೇನೆ.